ಗುಂಗುರಿನ ಪಾಠಕ್ಕೆ ತಲೆ ಕೊಟ್ಟಿದ್ದು

‘ಮಹಿಳೆಯರಿಗೆ ಮಾತ್ರ’ ಎಂದು ಕೆಂಪು ಅಕ್ಷರದಲ್ಲಿ ಬರೆದ ಬಾಗಿಲಿನ ಒಳಗೆ ಕೂತು, ಕುತ್ತಿಗೆಗೆ ಗುಲಾಬಿ ಬಣ್ಣದ ಬಟ್ಟೆ ಕಟ್ಟಿಸಿಕೊಂಡು, ಐದಾರು ಹುಡುಗಿಯರಿಂದ ತಲೆ ಬಾಚಿಸಿಕೊಂಡ ಗಂಡಸು ಮೈಸೂರಿನ ಇಡೀ ಕುವೆಂಪುನಗರದಲ್ಲಿ ನಾನೊಬ್ಬನೇ ಇರಬೇಕು. ಇನ್ನೊಬ್ಬರಿದ್ದರೆ ದಯವಿಟ್ಟು ಮುಂದೆ ಬರಲಿ, ಒಟ್ಟಿಗೆ ಕೂತು ಒಂದು ಕಾಫಿ ಕುಡಿಯೋಣ. ಇದನ್ನು ನಾನಾಗಿ ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಹೇಳದಿದ್ದರೂ ಬಡಾವಣೆಗೆಲ್ಲ ಗೊತ್ತಿತ್ತು ಅನ್ನುವುದು ಬೇರೆ ಮಾತು.

ಆ ಬಾಗಿಲು ನಮ್ಮ ಮನೆಯದೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಬಡಾವಣೆಯಲ್ಲಿ ತಿರುಗಿದ ಕಡೆಯೆಲ್ಲ ಒಂದು ಎಸ್‌ಟಿಡಿ ಬೂತೋ, ಜೆರಾಕ್ಸ್ ಅಂಗಡಿಯೋ, ಬ್ಯೂಟಿ ಪಾರ್ಲರೋ ಹುಟ್ಟಿಕೊಳ್ಳುತ್ತಿದ್ದ ಕಾಲ. ನನ್ನ ಹೆಂಡತಿ ವಿಮಲಾ ಈ ಮೂರರಲ್ಲಿ ಕೊನೆಯದನ್ನು ಆರಿಸಿಕೊಂಡಳು. ಬೀದಿ ಕಡೆಯ ಕೋಣೆಯಲ್ಲಿದ್ದ ನನ್ನ ಈಸಿಚೇರು ಹೋಗಿ ಗಿರಗಿರ ತಿರುಗುವ ಕುರ್ಚಿ ಬಂತು. ಪುಸ್ತಕದ ಬೀರು ಹೋಗಿ ಆಳೆತ್ತರದ ಕನ್ನಡಿ ಬಂತು. ಪಾರ್ಲರು ಕೈ ಹಿಡಿದದ್ದೇ ತಡ, ಮಹಡಿಯ ಮೇಲೆ ಶೀಟು ಹಾಕಿಸಿ ಹುಡುಗಿಯರಿಗೆ ಬ್ಯೂಟಿಷಿಯನ್ ತರಬೇತಿಯನ್ನೂ ಶುರುಮಾಡಿದಳು. ವಿಜಯನಗರದಿಂದ, ಮೇಟಗಳ್ಳಿಯಿಂದ ಹುಡುಗಿಯರು ಬಸ್ಸು ಹತ್ತಿ ಬರುತ್ತಿದ್ದರು. ಕಲಿಯುವುದಕ್ಕೆ ಅವರಿಗೆ ಒಂದು ರಬ್ಬರಿನ ತಲೆ ಇತ್ತು. ಅದರ ತುಂಬ ನೆಟ್ಟಗೆ ಇಳಿಬಿದ್ದ ನೈಲಾನು ಕೂದಲು. ಎಷ್ಟು ಎಳೆದರೂ ತುಟಿಪಿಟಕ್ಕೆನ್ನದ ಆ ತಲೆಯ ಮೇಲೆ ವಿಮಲಾಗೆ ನನ್ನ ಮೇಲಿದ್ದದ್ದಕ್ಕಿಂತ ಹೆಚ್ಚು ಗೌರವವಿತ್ತು.

ತರಬೇತಿಗೆ ಒಂದು ಪುಸ್ತಕವೂ ಇತ್ತು. ಓದುವ ಚಟದವನು, ಒಂದು ದಿನ ಅದನ್ನೂ ಬಿಡಲಿಲ್ಲ. ‘ಕೂದಲಿನ ಸಮಸ್ಯೆಗಳು’ ಎಂಬ ಅಧ್ಯಾಯ. ಮೊದಲು ಹೊಟ್ಟು, ಕೊನೆಗೆ ಹೇನು, ಅವೆರಡರ ನಡುವೆ ಗುಂಗುರು ಕೂದಲು! ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನಮ್ಮದು ಅಪ್ಪಟ ಗುಂಗುರಿನ ವಂಶ. ನನ್ನ ತಾತನದು ಗುಂಗುರು, ಅಪ್ಪನದು ಗುಂಗುರು. ನನ್ನದೂ ಗುಂಗುರೇ, ಆದರೆ ಆ ಹೊತ್ತಿಗಾಗಲೇ ನಡುನೆತ್ತಿಯಲ್ಲಿ ಮೈದಾನವಾಗಿ ಸುತ್ತ ಬೇಲಿಯಷ್ಟೇ ಉಳಿದಿತ್ತು.

ಗುಂಗುರಿನ ವಿಷಯದಲ್ಲಿ ಲೋಕಕ್ಕೆ ಎರಡು ನಾಲಿಗೆ ನೋಡಿ. ಗಂಡುಹುಡುಗನ ತಲೆಯ ಮೇಲಿದ್ದರೆ ಅದು ಚೆಂದ. ಕಾಲೇಜಿನ ನಾಟಕದಲ್ಲಿ ನನಗೆ ಕೃಷ್ಣನ ಪಾತ್ರ ಸಿಕ್ಕಿದ್ದು ಅಭಿನಯ ಬರುತ್ತದೆ ಎಂದಲ್ಲ, ವಿಗ್ಗು ಬೇಡ ಎಂದು. ಕಲ್ಲಿನ ಮೇಲಿದ್ದರಂತೂ ಕೇಳಲೇಬೇಡಿ. ಸೋಮನಾಥಪುರದ ಶಿಲ್ಪಿ ಬೆರಳುಗುರಿನಷ್ಟು ಜಾಗದಲ್ಲಿ ಒಂದೊಂದು ಸುರುಳಿಯನ್ನೂ ಬಿಡದೆ ಕೆತ್ತಿದ್ದಾನೆ. ಜನ ಹೋಗಿ ಕಣ್ಣರಳಿಸಿ ನೋಡಿ, ಫೋಟೋ ತೆಗೆಸಿಕೊಂಡು ಬರುತ್ತಾರೆ. ಗೊಮ್ಮಟನ ತಲೆಯ ತುಂಬ ಉಂಗುರ ಉಂಗುರ. ಯಾರಾದರೂ ಏಣಿ ಹಾಕಿ ಹತ್ತಿ ‘ಏನಪ್ಪಾ, ಇವತ್ತು ತಲೆ ಬಾಚ್ಕೊಂಡಿಲ್ವಾ?’ ಎಂದು ಕೇಳಿದ್ದುಂಟೆ? ಅದೇ ಗುಂಗುರು ಸ್ಕೂಲಿಗೆ ಹೋಗುವ ಹೆಣ್ಣುಮಗುವಿನ ತಲೆಯ ಮೇಲೆ ಬಂದರೆ ಮಾತ್ರ ಹೊಟ್ಟು ಮತ್ತು ಹೇನಿನ ನಡುವೆ ಜಾಗ.

ಆ ಹೆಣ್ಣುಮಗು ನಮ್ಮ ಚಿನ್ಮಯಿ. ಆಗ ಐದನೇ ಕ್ಲಾಸು. ನನ್ನ ನೆತ್ತಿಯಿಂದ ಖಾಲಿಯಾದದ್ದೆಲ್ಲ ಅವಳ ತಲೆಗೆ ಬಡ್ಡಿ ಸಮೇತ ಜಮೆಯಾಗಿತ್ತು. ಅವಳ ಸ್ಕೂಲಿನಲ್ಲಿ ಎರಡು ಜಡೆ ಹಾಕಿ, ಮಡಿಸಿ, ರಿಬ್ಬನ್ನು ಕಟ್ಟಲೇಬೇಕೆಂಬ ಕಾನೂನು. ಹೀಗಾಗಿ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಕೌಸಲ್ಯೆಯ ಮಗನನ್ನು ಎಬ್ಬಿಸುವ ಸುಪ್ರಭಾತದಿಂದಲ್ಲ, ಚಿನ್ಮಯಿಯ ಅಳುವಿನಿಂದ. ವಿಮಲಾ ಮೊಣಕಾಲುಗಳ ನಡುವೆ ಮಗಳನ್ನು ಸಿಕ್ಕಿಸಿಕೊಂಡು ನೆತ್ತಿಯಿಂದ ಬಾಚಣಿಗೆ ಎಳೆಯುವಳು. ಬಾಚಣಿಗೆ ಅರ್ಧ ದಾರಿಯಲ್ಲಿ ನಿಲ್ಲುವುದು. ಇನ್ನೂ ಜೋರಾಗಿ ಎಳೆಯುವಳು. ಶಿವನ ಜಡೆಯಲ್ಲಿ ಇಳಿದ ಗಂಗೆಯೇ ಹೊರಗೆ ಬರುವ ದಾರಿ ಕಾಣದೆ ವರ್ಷಗಟ್ಟಲೆ ಸುತ್ತಿದಳಂತೆ. ಫ್ಯಾನ್ಸಿ ಸ್ಟೋರಿನ ಪ್ಲಾಸ್ಟಿಕ್ ಬಾಚಣಿಗೆಯ ಪಾಡೇನು?

ಇದರಲ್ಲಿ ನಮ್ಮವ್ವನ ಪಾಲೂ ಇತ್ತು. ಅವ್ವ ಅಂದರೆ ನನ್ನ ತಾಯಿ. ಹಣೆ ತುಂಬ ವಿಭೂತಿ, ಬೆನ್ನ ಮೇಲೆ ಆ ವಯಸ್ಸಿನಲ್ಲೂ ನೂಲು ಹಿಡಿದಂತೆ ನೇರವಾದ ಜಡೆ. ಭಾನುವಾರ ಮೊಮ್ಮಗಳಿಗೆ ಎಣ್ಣೆನೀರು ಹಾಕುವ ಅಧಿಕಾರ ಅವ್ವನದೇ. ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಿಕ್ಕಿ, ಟವೆಲ್ಲಿನಲ್ಲಿ ಪಟಪಟ ಬಡಿದು, ಸಾಂಬ್ರಾಣಿ ಹೊಗೆ ಹಿಡಿದು, ಕೂದಲು ಗರಿಗರಿಯಾಗಿ ಒಣಗಿದ ಮೇಲೆಯೇ ಬಾಚುವುದು. ‘ಒದ್ದೆ ತಲೆಗೆ ಬಾಚಣಿಗೆ ತೋರಿಸ್ಬಾರ್ದು’ ಎಂಬುದು ಅವ್ವನ ಶಾಸನ. ಯಾಕೆ ಎಂದರೆ ಒಂದು ಸಲ ನೆಗಡಿ ಎನ್ನುವಳು, ಇನ್ನೊಂದು ಸಲ ಉದುರುತ್ತೆ ಎನ್ನುವಳು, ತೀರಾ ಒತ್ತಾಯಿಸಿದರೆ ಮನೆಗೆ ದರಿದ್ರ ಎನ್ನುವಳು. ವಿಮಲಾ ಮಹಡಿಯ ಮೇಲೆ ತನ್ನ ಹುಡುಗಿಯರಿಗೆ ಹೇಳಿಕೊಡುತ್ತಿದ್ದದ್ದೂ ಅದನ್ನೇ: ಮೊದಲು ಪೂರ್ತಿ ಒಣಗಲಿ, ಆಮೇಲೆ ಬಾಚಿ. ನಮ್ಮ ಮನೆಯಲ್ಲಿ ಅತ್ತೆ ಸೊಸೆ ಒಮ್ಮತಕ್ಕೆ ಬಂದ ವಿಷಯ ಅದೊಂದೇ. ಇಬ್ಬರದೂ ನೇರ ಕೂದಲು ತಾನೇ!

ವಿಮಲಾಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಊರಿನ ಮದುಮಗಳಿಗೆಲ್ಲ ಜಡೆ ಹೆಣೆದು ಕಳಿಸುವವಳು, ಹುಡುಗಿಯರಿಗೆ ವಿದ್ಯೆ ಕಲಿಸುವವಳು, ಸ್ವಂತ ಮಗಳ ತಲೆಯ ಮುಂದೆ ದಿನಾ ಸೋಲುತ್ತಿದ್ದಳು. ‘ಬ್ಯೂಟಿಷಿಯನ್ ಮಗಳ ತಲೆ ನೋಡ್ರೀ, ಗುಬ್ಬಿ ಗೂಡು ಕಟ್ಟಿದಂಗಿದೆ’ ಎಂದು ಎದುರುಮನೆಯಾಕೆ ಹೂವಿನವಳ ಹತ್ತಿರ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಬಾಚಣಿಗೆಯ ಹಲ್ಲುಗಳು ಮುರಿದು ಮಗಳ ಕೂದಲಲ್ಲೇ ಉಳಿದವು. ಹೊರಗೆ ಸ್ಕೂಲ್ ಆಟೋ ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು. ವಿಮಲಾ ಮುರಿದ ಬಾಚಣಿಗೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ‘ನನ್ ಕೈಲಿ ಆಗಲ್ಲ ಕಣ್ರೀ. ಇನ್ನು ಆಗಲ್ಲ’ ಎಂದಳು. ಅವಳ ಕಣ್ಣಲ್ಲೂ ನೀರು.

ಅವ್ವ ಆಗ ಪೂಜೆಯಲ್ಲಿದ್ದಳು. ಅಲ್ಲಿಂದಲೇ ಹಳದಿ ಬಟ್ಟೆಯ ತುಂಡಿನಲ್ಲಿ ಒಂದು ಕಾಸು ಕಟ್ಟಿ ದೇವರ ಗೂಡಿನಲ್ಲಿಟ್ಟು, ಮನೆಗೆಲ್ಲ ಕೇಳುವಂತೆ ಹರಕೆ ಹೊತ್ತಳು: ‘ನಂಜುಂಡಪ್ಪಾ, ಯುಗಾದಿ ಆದ್ಮೇಲೆ ಈ ಮನೆ ಗುಂಗುರು ಮುಡೀನ ನಿನ್ ಪಾದಕ್ಕೆ ಒಪ್ಪಿಸ್ಬುಡ್ತೀನಿ. ಹೊಸದು ನೆಟ್ಟಗೆ ಬರೋ ಹಂಗೆ ಮಾಡು.’ ನಂಜನಗೂಡಿಗೆ ಮುಡಿ ಕೊಡುವುದು ನಮ್ಮಲ್ಲಿ ಹೊಸತಲ್ಲ. ಬೋಳಿಸಿದ ಮೇಲೆ ಕೂದಲು ದಟ್ಟವಾಗಿ, ನೇರವಾಗಿ ಬರುತ್ತದೆಂಬ ನಂಬಿಕೆಯೂ ಹೊಸತಲ್ಲ. ವಿಮಲಾ ಎದ್ದು ಮಗಳ ಕೂದಲಿನಿಂದ ಮುರಿದ ಹಲ್ಲುಗಳನ್ನು ಆರಿಸತೊಡಗಿದಳು. ದೇವರ ಹೆಸರು ಬಂದ ಮೇಲೆ ಮಾತು ಮುಗಿಯಿತು.

ಆಟೋ ತಪ್ಪಿದ್ದರಿಂದ ಅವತ್ತು ಮಗಳನ್ನು ಸ್ಕೂಟರಿನಲ್ಲಿ ನಾನೇ ಬಿಡಲು ಹೋದೆ. ಸ್ಕೂಲು ಹತ್ತಿರ ಬಂದಾಗ ನನ್ನ ಬೆನ್ನಿಗೆ ಮುಖವಿಟ್ಟು ಕೇಳಿದಳು: ‘ಅಪ್ಪಾ, ನನ್ ಕೂದ್ಲು ಕೆಟ್ಟದ್ದಾ?’

‘ಯಾರೇ ಹೇಳಿದ್ದು ಹಂಗಂತ?’

‘ಎಲ್ಲಾರೂ. ಕೆಟ್ಟದ್ದಾದ್ರೆ ಅದನ್ನ ದೇವರಿಗ್ಯಾಕೆ ಕೊಡ್ತೀರಾ? ಪಾಪ, ಅವನಿಗೆ ಬೇಜಾರಾಗಲ್ವಾ?’

ಬೋಳು ತಲೆಯಲ್ಲಿ ಆರನೇ ಕ್ಲಾಸಿಗೆ ಹೋಗಬೇಕಾದ ಮಗು ದೇವರ ಬೇಜಾರಿನ ಬಗ್ಗೆ ಯೋಚಿಸುತ್ತಿದೆ! ಅಂದು ಮೇಟಗಳ್ಳಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೂತು ನಟ್ಟು ಬೋಲ್ಟುಗಳಿಗೆ ಸಹಿ ಹಾಕುತ್ತ ನಾನು ಯೋಚಿಸಿದ್ದು ಇಷ್ಟೇ. ಯುಗಾದಿಗೆ ಇನ್ನೂ ತಿಂಗಳುಗಳಿವೆ. ಅಷ್ಟರಲ್ಲಿ ಯಾರಾದರೂ ಈ ಕೂದಲನ್ನು ನೋವಿಲ್ಲದೆ ಬಾಚುವುದನ್ನು ಕಲಿತರೆ, ಬೋಳಿಸಲು ಕಾರಣವೇ ಇರುವುದಿಲ್ಲ. ಕಲಿಯುವವರು ಮಹಡಿಯ ಮೇಲೇ ಇದ್ದಾರೆ. ಇಲ್ಲದ್ದು ಕಲಿಯಲು ಬೇಕಾದ ತಲೆ. ರಬ್ಬರಿನ ತಲೆ ನೇರ ಕೂದಲಿನದು. ಮಗಳು ತಲೆ ಮುಟ್ಟಗೊಡುವುದಿಲ್ಲ.

ಸಂಜೆ ಮನೆಗೆ ಬಂದು ವಿಮಲಾಗೆ ಹೇಳಿದೆ: ‘ನಿನ್ನ ಹುಡುಗೀರಿಗೆ ಗುಂಗುರಿನ ಪಾಠ ಶುರುಮಾಡು. ತಲೆ ನಾನು ಕೊಡ್ತೀನಿ.’

ಅವಳು ನನ್ನ ಮೈದಾನವನ್ನೂ ಬೇಲಿಯನ್ನೂ ಒಮ್ಮೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು ನೋಡಿ, ತಿಂಗಳುಗಳಿಂದ ಅಂಥ ನಗು ಕೇಳಿರಲಿಲ್ಲ.

ಬೇಲಿಯನ್ನು ಬೆಳೆಸಬೇಕಾಯಿತು. ತಿಂಗಳಿಗೊಮ್ಮೆ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದ ನಾನು ಕ್ಷೌರದಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಅಂಗಡಿಯವನು ನಾನು ಬೇರೆ ಕಡೆ ಹೋಗುತ್ತಿದ್ದೇನೆಂದು ಮುಖ ತಿರುಗಿಸಿಕೊಂಡ. ಸಂಕ್ರಾಂತಿಯ ಹೊತ್ತಿಗೆ ನಡುವೆ ಬಯಲಾಗಿ ಸುತ್ತ ಸುರುಳಿಗಳು ಅಂಗಿಯ ಕಾಲರು ಮುಟ್ಟತೊಡಗಿದವು. ‘ಏನ್ ಸಾರ್, ನಾಟಕದ ಕಂಪ್ನಿ ಸೇರ್ಕೊಂಡ್ಬುಟ್ರಾ?’ ಎಂದು ಫೋರ್ಮನ್ ಕೇಳಿದ. ‘ಹೂಂ ಕಣಯ್ಯ, ಗಿರಾಕಿ ಪಾತ್ರ’ ಎಂದೆ. ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಶನಿವಾರ ಕಾರ್ಖಾನೆ ಅರ್ಧ ದಿನ. ಮಧ್ಯಾಹ್ನ ನನ್ನ ತಲೆಯ ತರಗತಿ. ‘ನೋಡಿ, ಇದು ಕಷ್ಟದ ತಲೆ’ ಎಂದು ವಿಮಲಾ ಪಾಠ ಶುರುಮಾಡಿದಳು. ‘ತಲೆ ಸುಲಭದ್ದೇ, ಕೂದಲು ಮಾತ್ರ ಕಷ್ಟ’ ಎಂದು ತಿದ್ದಿದೆ. ‘ಡಮ್ಮಿ ಮಾತಾಡಬಾರದು’ ಎಂದಳು. ಹುಡುಗಿಯರು ಕಿಸಕ್ಕನೆ ನಕ್ಕರು. ಅವರಲ್ಲಿ ಮೇಟಗಳ್ಳಿಯ ಮಂಗಳಾ ಅಂತ ಒಬ್ಬಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬಾಚಣಿಗೆ ಹಿಡಿದು ಒಂದು ಎಳೆ ಎಳೆದಳು ನೋಡಿ, ನಾನು ಕೂಗಿದ ಕೂಗಿಗೆ ಕೆಳಗಿದ್ದ ಅವ್ವ ‘ಏನಾಯ್ತೋ!’ ಎಂದು ಓಡಿಬಂದಳು. ಪಾರ್ಲರಿಗೆ ಹುಬ್ಬು ತಿದ್ದಿಸಲು ಬಂದಿದ್ದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಇಣುಕಿ, ಗುಲಾಬಿ ಬಟ್ಟೆಯೊಳಗಿನ ಮೀಸೆ ನೋಡಿ, ನನಗಿಂತ ಜೋರಾಗಿ ಕೂಗಿ ಓಡಿಹೋದಳು. ಮತ್ತೆ ಅವಳು ನಮ್ಮ ಕಡೆ ಬರಲಿಲ್ಲ.

ನಗುವ ಮಾತು ಹಾಗಿರಲಿ. ಆ ಒಂದು ಎಳೆತದಲ್ಲಿ ನನ್ನ ಮಗಳ ಒಂದು ಬೆಳಗು ಹೇಗಿರುತ್ತದೆಂದು ತಿಳಿಯಿತು. ಗುಂಗುರು ಕೂದಲಿನ ಗಂಡಸಾಗಿ ಅಷ್ಟು ವರ್ಷ ಬದುಕಿದವನಿಗೆ ಅದು ಗೊತ್ತೇ ಇರಲಿಲ್ಲ. ಕತ್ತರಿಸಿಕೊಂಡವನಿಗೆ ಸಿಕ್ಕು ಹೇಗೆ ಗೊತ್ತಾಗಬೇಕು! ಚಿನ್ಮಯಿ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಅಳುವುದು ಅವಳಿಗೆ ಭಾರಿ ಮಜವೆನಿಸಿತು. ಶನಿವಾರ ಬಂತೆಂದರೆ ಪುರಿ ಕಡಲೆ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಸಿದ್ಧಳಾಗಿ ಕೂರುತ್ತಿದ್ದಳು.

ವಾರಗಳು ಕಳೆದವು, ಬಾಚಣಿಗೆಗಳು ಮುರಿದವು, ಪಾಠ ಮುಂದೆ ಹೋಗಲಿಲ್ಲ. ಎಣ್ಣೆ ಹಚ್ಚಿ ಬಾಚಿದರು, ಒಣಗಿಸಿ ಬಾಚಿದರು, ಇಸ್ತ್ರಿ ಹಾಕುವಂಥ ಒಂದು ಯಂತ್ರ ತಂದು ಒತ್ತಿದರು. ಯಂತ್ರಕ್ಕೆ ಕೂದಲು ಒಂದು ಗಂಟೆ ಮರ್ಯಾದೆ ಕೊಟ್ಟು ಮತ್ತೆ ತನ್ನ ದಾರಿ ಹಿಡಿಯಿತು. ಯುಗಾದಿ ಹತ್ತಿರವಾಗುತ್ತಿತ್ತು. ಅವ್ವ ನಂಜನಗೂಡಿಗೆ ಹೋಗುವ ದಿನವನ್ನೂ ನೋಡಿಟ್ಟಳು. ಚಿನ್ಮಯಿ ಮೆಟ್ಟಿಲ ಮೇಲೆ ನಗುವುದನ್ನು ನಿಲ್ಲಿಸಿದಳು.

ಯುಗಾದಿಗೆ ಮುಂಚೆ ಮೈಸೂರಿನಲ್ಲಿ ಸಂಜೆ ಹೊತ್ತು ಗುಡುಗಿ ಸುರಿಯುವ ಮಳೆಯೊಂದಿದೆಯಲ್ಲ, ಆ ಶನಿವಾರ ಅದು ಮಧ್ಯಾಹ್ನವೇ ಬಂತು. ಮೇಟಗಳ್ಳಿಯಿಂದ ಮನೆ ಸೇರುವಷ್ಟರಲ್ಲಿ ನಾನು ತೊಪ್ಪೆ. ಸುರುಳಿಗಳಿಂದ ನೀರು ತೊಟತೊಟ ಸುರಿಯುತ್ತಿತ್ತು. ಹುಡುಗಿಯರು ಕಾದು ಕೂತಿದ್ದರು. ‘ಒಣಗಲಿ, ಒದ್ದೆ ತಲೆ ಬಾಚೋ ಹಾಗಿಲ್ಲ’ ಎಂದು ಹೇಳಿ ವಿಮಲಾ ಕೆಳಗಿನ ಗಿರಾಕಿಯನ್ನು ನೋಡಿಕೊಳ್ಳಲು ಇಳಿದುಹೋದಳು. ಮಂಗಳಾಗೆ ತಡೆಯಲಿಲ್ಲ. ‘ಈ ಮಳೇಲಿ ಇದು ಒಣಗೋದ್ ಯಾವಾಗ, ನಾ ಬಸ್ ಹಿಡಿಯೋದ್ ಯಾವಾಗ? ಬನ್ನಿ ಸಾರ್, ಕೂತ್ಕಳಿ’ ಎಂದು ಕುರ್ಚಿಗೆ ತಳ್ಳಿದಳು. ಬೇರೆ ಪಾಠಕ್ಕೆಂದು ದಾಸವಾಳದ ಎಲೆ ಅರೆದು ಬಟ್ಟಲಲ್ಲಿಟ್ಟಿದ್ದರು. ಆ ಲೋಳೆಯನ್ನು ಅನಾಮತ್ತಾಗಿ ನನ್ನ ಒದ್ದೆ ಕೂದಲಿಗೆ ಮೆತ್ತಿದಳು. ಸಣ್ಣ ಬಾಚಣಿಗೆ ಎಲ್ಲ ಮುರಿದಿದ್ದವು. ಉಳಿದಿದ್ದು ಬಣ್ಣ ಹಚ್ಚಲು ಇಟ್ಟಿದ್ದ, ಹಲ್ಲು ದೂರ ದೂರವಿದ್ದ ದೊಡ್ಡದು ಒಂದೇ. ನೆತ್ತಿಯಿಂದ ಎಳೆದರೆ ನಾನು ಕೂಗುತ್ತೇನೆ, ಕೂಗಿದರೆ ಟೀಚರು ಮೇಲೆ ಬರುತ್ತಾರೆ. ಆ ಹೆದರಿಕೆಗೆ ಮಂಗಳಾ ತುದಿಯಿಂದ ಮೆಲ್ಲಗೆ ಶುರುಮಾಡಿದಳು.

ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾದೆ. ಏನೂ ಆಗಲಿಲ್ಲ. ಮತ್ತೂ ಕಾದೆ. ಮಂಗಳಾ ಗಾಬರಿಯಿಂದ ಬಗ್ಗಿ ನನ್ನ ಮುಖ ನೋಡಿದಳು.

‘ಸಾರ್, ಯಾಕ್ ಕೂಗ್ತಿಲ್ಲ? ಉಷಾರಾಗಿದ್ದೀರಾ?’

‘ನೀನು ಬಾಚೋಕೆ ಶುರುಮಾಡೇ ಇಲ್ವಲ್ಲ.’

‘ಅಯ್ಯೋ, ಮುಗಿದೇ ಹೋಯ್ತು ಸಾರ್!’

ಮೇಲೆ ಬಂದ ವಿಮಲಾ ಮೊದಲು ಬೈಯಲೆಂದೇ ಬಾಯಿ ತೆರೆದಳು. ನನ್ನ ತಲೆಯ ಮೇಲೆ ಕೈಯಾಡಿಸಿದವಳು ಹಾಗೇ ನಿಂತಳು. ಒಂದೂ ಗಂಟಿಲ್ಲ. ಒಂದೊಂದು ಸುರುಳಿಯೂ ತನ್ನ ಪಾಡಿಗೆ ತಾನು ಬಿಡಿಬಿಡಿಯಾಗಿ ಕುತ್ತಿಗೆಯ ಮೇಲೆ ಕೂತಿತ್ತು. ಅವಳು ಒಳ್ಳೆಯ ಟೀಚರು. ಇಷ್ಟು ದಿನ ತಾನು ಹೇಳಿಕೊಟ್ಟದ್ದು ಈ ಕೂದಲಿಗಲ್ಲ ಎಂದು ಆ ಕ್ಷಣಕ್ಕೆ ಒಪ್ಪಿಕೊಂಡಳು. ಮತ್ತೆ ನೀರು ಹಾಕಿಸಿ, ಮತ್ತೆ ಲೋಳೆ ಹಚ್ಚಿಸಿ, ಒಬ್ಬೊಬ್ಬ ಹುಡುಗಿಯ ಕೈಯಲ್ಲೂ ಬಾಚಿಸಿದಳು. ಒದ್ದೆಯಲ್ಲೇ, ತುದಿಯಿಂದಲೇ. ಟವೆಲ್ಲಿನಿಂದ ಬಡಿಯುವುದು ಬೇಡ, ಹಳೆಯ ಪಂಚೆಯಲ್ಲಿ ಒತ್ತಿ ಅಂತ ತಾನೇ ಮುಂದಿನದನ್ನು ಕಂಡುಹಿಡಿದಳು. ಪುಸ್ತಕದ ಆ ಅಧ್ಯಾಯ ತೆಗೆದು, ಹೊಟ್ಟು ಮತ್ತು ಹೇನಿನ ನಡುವೆ ಇದ್ದದ್ದರ ಮೇಲೆ ಅಡ್ಡಗೆರೆ ಎಳೆದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ನೆಗಡಿ ಆಗಿ ಸೀನುತ್ತಿದ್ದದ್ದೂ ಗೊತ್ತಾಗಲಿಲ್ಲ.

ಚಿನ್ಮಯಿ ಯಾವಾಗಲೋ ಒಳಗೆ ಬಂದಿದ್ದಳು. ನನ್ನ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿ, ಎಳೆದು ಬಿಟ್ಟು, ಅದು ಟಣಕ್ಕನೆ ಮೇಲೆ ಹಾರಿದ್ದನ್ನು ನೋಡಿದಳು. ಇನ್ನೊಂದನ್ನು ಎಳೆದು ಬಿಟ್ಟಳು. ‘ಅಪ್ಪಾ, ಚೆನ್ನಾಗಿದೆ’ ಎಂದಳು. ಆಮೇಲೆ ಯಾರೂ ಕರೆಯದೆ ಹೋಗಿ ಬಕೆಟ್ಟಿಗೆ ತಲೆಯೊಡ್ಡಿದಳು. ಒದ್ದೆ ತಲೆಯಲ್ಲಿ ಬಂದು ಕುರ್ಚಿಯಲ್ಲಿ ಕೂತು, ‘ಅಮ್ಮಾ, ನೀನೇ ಬಾಚು’ ಎಂದಳು. ವಿಮಲಾ ತುದಿಯಿಂದ ಶುರುಮಾಡಿದಳು. ಮಗಳು ಅಳಲಿಲ್ಲ, ಅಮ್ಮ ಅತ್ತಳು. ಮಂಗಳಾಗೆ ಬಸ್ಸು ತಪ್ಪಿಹೋಯಿತು.

ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು. ಆದರೆ ಹರಕೆ ಹರಕೆಯೇ. ಸೋಮವಾರ ಎರಡು ಜಡೆ ಹಾಕಿಕೊಂಡು ನಗುತ್ತ ಆಟೋ ಹತ್ತಿದ ಮೊಮ್ಮಗಳನ್ನು ನೋಡಿ ಅವ್ವನಿಗೂ ಸಂತೋಷವಾಗಿತ್ತು. ‘ಆದ್ರೆ ನಂಜುಂಡಪ್ಪನಿಗೆ ಮಾತು ಕೊಟ್ಬುಟ್ಟಿದ್ದೀನಲ್ಲಪ್ಪ’ ಎಂದು ನಿಟ್ಟುಸಿರು ಬಿಟ್ಟಳು. ತಮಾಷೆಗೆ ಅಲ್ಲ, ಅವ್ವ ನಿಜವಾಗಿ ಹೆದರಿದ್ದಳು. ವಿಮಲಾ ನನ್ನ ಮುಖ ನೋಡಿದಳು.

‘ಅವ್ವಾ, ನೀನು ಬೇಡ್ಕೊಂಡಿದ್ದು ಈ ಮನೆ ಗುಂಗುರು ಮುಡಿ ಅಂತ ತಾನೆ? ಚಿನ್ಮಯಿದು ಅಂತ ಹೇಳಿದ್ದಾ?’ ಎಂದು ಕೇಳಿದೆ.

ಅವ್ವ ಯೋಚಿಸಿದಳು. ‘ಹೆಸ್ರು ಹೇಳ್ಲಿಲ್ಲ ಕಣೋ.’

‘ಹಾಗಾದ್ರೆ ಇದು ಯಾವ ಮನೇದು?’ ಎಂದು ಕುತ್ತಿಗೆಯ ಮೇಲಿನ ಬೇಲಿಯನ್ನು ಮುಂದಕ್ಕೆ ಎಳೆದು ತೋರಿಸಿದೆ. ಅವ್ವ ನನ್ನ ಮೈದಾನವನ್ನು ಅನುಮಾನದಿಂದ ನೋಡಿ, ‘ಇಷ್ಟಕ್ಕೆ ಒಪ್ತಾನಾ ಅವ್ನು?’ ಎಂದಳು.

ಒಪ್ಪಿದ. ಯುಗಾದಿಯಾದ ಮೇಲೆ ಎಲ್ಲರೂ ನಂಜನಗೂಡಿಗೆ ಹೋದೆವು. ಹೊಳೆದಂಡೆಯ ಸೋಪಾನಕಟ್ಟೆಯಲ್ಲಿ ಕೂತು, ತಿಂಗಳುಗಳ ಕಾಲ ಹುಡುಗಿಯರಿಗೆ ವಿದ್ಯೆ ಕಲಿಸಿದ ನನ್ನ ಸುರುಳಿಗಳನ್ನು ಒಪ್ಪಿಸಿದೆ. ಅವು ಹೋಗುವಾಗ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಪಿಲೆಯಲ್ಲಿ ಮುಳುಗಿ ಎದ್ದು ತಲೆಗೆ ಗಂಧ ಬಳಿದುಕೊಂಡೆ. ಚಿನ್ಮಯಿಯೂ ನನ್ನ ಜೊತೆ ಮುಳುಗು ಹಾಕಿ ಬಂದು ಮೆಟ್ಟಿಲ ಮೇಲೆ ಕೂತು, ಅಭ್ಯಾಸದಂತೆ ಚೀಲದಿಂದ ಅಗಲ ಹಲ್ಲಿನ ಬಾಚಣಿಗೆ ತೆಗೆದಳು.

ಅವ್ವನ ಬಾಯಿಂದ ಹಳೆಯ ಶಾಸನ ತಾನಾಗಿ ಬಂದುಬಿಟ್ಟಿತು: ‘ಏ, ಒದ್ದೆ ತಲೆ ಬಾಚ್ಬಾರ್ದು ಕಣೇ! ಅದೂ ದೇವರ ಸನ್ನಿಧೀಲಿ!’

ಚಿನ್ಮಯಿ ಕೈ ನಿಲ್ಲಿಸಿ, ಗೋಪುರದ ಕಡೆ ಒಮ್ಮೆ ನೋಡಿದಳು. ‘ಅಜ್ಜೀ, ತಲೆ ಮೇಲೆ ಗಂಗೆ ಇದಾಳಲ್ಲ. ನಂಜುಂಡಪ್ಪನ ಕೂದ್ಲು ಯಾವಾಗ್ಲೂ ಒದ್ದೆನೇ ಅಲ್ವಾ?’

ಹುಟ್ಟಿದಾಗಿನಿಂದ ವಿಭೂತಿ ಹಚ್ಚಿಕೊಂಡು ಬಂದ ಅವ್ವ ಗೋಪುರಕ್ಕೆ ಕೈ ಮುಗಿದಳು. ಆಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಮೊಮ್ಮಗಳ ಹಿಂದಿನ ಮೆಟ್ಟಿಲ ಮೇಲೆ ಕೂತು ಕೈ ಚಾಚಿದಳು.

‘ತಾ ಇಲ್ಲಿ. ತುದಿಯಿಂದ ಅಲ್ವೇನೆ?’